ಕತೆಯ ದೋಣಿಯಲ್ಲಿ ದೊಡ್ಡಮ್ಮ

ಮೊನ್ನೆ ಹಾಜರಿ ಪುಸ್ತಕ ತೆರೆದಾಗ ಹಾಳೆಗಳ ನಡುವಿನಿಂದ ಹಳದಿ ಕಾಗದದ ಪಟ್ಟಿಯೊಂದು ಜಾರಿ ಮೇಜಿನ ಮೇಲೆ ಬಿತ್ತು. ಪಕ್ಕದಲ್ಲಿದ್ದ ನಮ್ಮ ಹೆಡ್‌ಮೇಷ್ಟ್ರು ಅದನ್ನೆತ್ತಿ, ಎರಡೂ ಕಡೆ ತಿರುಗಿಸಿ ನೋಡಿ, “ಏನ್ ಮೇಡಂ, ಆಸ್ಪತ್ರೆಗೇನಾದ್ರೂ ಸೇರಿದ್ರಾ?” ಎಂದರು. ರೋಗಿಗಳ ಮಣಿಕಟ್ಟಿಗೆ ಹಾಕುವ ಪಟ್ಟಿಯೂ ಹೀಗೇ ಇರುತ್ತದೆ, ನಿಜ. ಆದರೆ ಇದು ಬೆಂಗಳೂರಿನ ಆಚೆಗಿರುವ ಒಂದು ಥೀಮ್ ಪಾರ್ಕಿನವರು ಒಳಗೆ ಬಿಡುವಾಗ ಕೈಗೆ ಅಂಟಿಸುವ ಪಟ್ಟಿ. ನಾನು ಪಟ್ಟಿ ವಾಪಸು ತೆಗೆದುಕೊಂಡು ಹಾಜರಿ ಪುಸ್ತಕದೊಳಗೇ ಇಟ್ಟೆ. ಮುಳಬಾಗಿಲಿನ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಕಲಿಸುತ್ತಿರುವ, ಐವತ್ತರ ಹತ್ತಿರ ಬಂದ ಹೆಂಗಸೊಬ್ಬಳು, ಗೊಂಬೆಗಳ ನಡುವೆ ದೋಣಿಯಲ್ಲಿ ಕೂತು ಸುತ್ತಿ ಬಂದ ನೆನಪಿಗೆ ಇದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ ಎಂದು ಅವರಿಗೆ ವಿವರಿಸುವುದಕ್ಕಿಂತ ರೋಗಿ ಅನ್ನಿಸಿಕೊಳ್ಳುವುದೇ ವಾಸಿ ಅನ್ನಿಸಿತು.

ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಹೇಳಿಬಿಡುತ್ತೇನೆ. ಪ್ರತಿ ಡಿಸೆಂಬರಿನಲ್ಲಿ ನಾವು ಮಕ್ಕಳನ್ನು ಆ ಪಾರ್ಕಿಗೆ ಕರೆದುಕೊಂಡು ಹೋಗುತ್ತೇವೆ. ಮಕ್ಕಳು ಬರುವುದು ಆಕಾಶದಲ್ಲಿ ತಲೆಕೆಳಗಾಗಿ ತೂಗಾಡಲು. ಮೇಷ್ಟ್ರುಗಳು ಬರುವುದು ಮರದ ನೆರಳಲ್ಲಿ ಕೂತು ಬ್ಯಾಗು ಕಾಯಲು. ನಾನು ಬರುವುದು ಕತೆಯ ದೋಣಿಗೆ. ಪಾರ್ಕಿನ ಮೂಲೆಯಲ್ಲಿ ಗುಹೆಯಂತೆ ಬಣ್ಣ ಬಳಿದ ಒಂದು ಕಟ್ಟಡವಿದೆ. ಒಳಗೆಲ್ಲ ಕತ್ತಲು, ಮೊಣಕಾಲುದ್ದದ ನೀರು, ಅದರ ಮೇಲೆ ಎಂಟು ಜನ ಹಿಡಿಸುವ ದೋಣಿಗಳು ಒಂದರ ಹಿಂದೆ ಒಂದು ತಾವಾಗಿಯೇ ತೇಲಿಕೊಂಡು ಹೋಗುತ್ತವೆ. ಎಡಕ್ಕೂ ಬಲಕ್ಕೂ ದೀಪ ಹೊತ್ತಿಕೊಂಡಂತೆಲ್ಲ ಗೊಂಬೆಗಳು ಕತೆ ನಡೆಸುತ್ತವೆ. ಮೊದಲು ರಾಜನ ಅರಮನೆ, ಆಮೇಲೆ ಕಾಡಿನಲ್ಲಿ ದಾರಿ ತಪ್ಪಿದ ರಾಜಕುಮಾರಿ, ಹುಲಿ, ಜಿಂಕೆ, ಮಾಟಗಾತಿಯ ಗುಡಿಸಲು, ಕೊನೆಗೆ ಮದುವೆ. ಮದುವೆ ಮುಗಿಯುವ ಹೊತ್ತಿಗೆ ಬಾಗಿಲು ತೆರೆದು ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಇಷ್ಟೆಲ್ಲ ಆಗಲು ಹಿಡಿಯುವುದು ಆರೇ ನಿಮಿಷ.

ಇದು ಪುಟ್ಟ ಮಕ್ಕಳಿಗೆಂದು ಮಾಡಿದ್ದು ಎಂಬುದು ನನಗೆ ಗೊತ್ತಿಲ್ಲದೆ ಏನಿಲ್ಲ. ನಮ್ಮ ಡ್ರಿಲ್ ಮೇಷ್ಟ್ರು ನಾರಾಯಣಸ್ವಾಮಿ ಅದನ್ನು ವರ್ಷಕ್ಕೊಮ್ಮೆ ನೆನಪಿಸುತ್ತಾರೆ. “ಮೇಡಂ, ಎಲ್‌ಕೆಜಿ ಮಕ್ಕಳ ಜೊತೆ ಕೂತ್ಕೊಳೋಕೆ ಇಷ್ಟು ದೂರ ಬರ್ಬೇಕಾ? ಬನ್ನಿ, ಧೈರ್ಯ ಅಂದ್ರೆ ಏನು ಅಂತ ತೋರಿಸ್ತೀನಿ” ಎಂದು ಹೇಳಿ, ಮಕ್ಕಳ ಮುಂದೆ ಎದೆಯುಬ್ಬಿಸಿ, ಅವರು ಒಮ್ಮೆ ಆ ತಲೆಕೆಳಗಿನ ಯಂತ್ರವನ್ನು ಹತ್ತಿದರು. ಇಳಿದ ಮೇಲೆ ಹೊಂಗೆ ಮರದ ಕೆಳಗೆ ಕಣ್ಣು ಮುಚ್ಚಿ ಕೂತವರು ಊಟಕ್ಕೂ ಏಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಹಾಜರಿ ಕರೆಯಬೇಕಾದವರು ತಮ್ಮ ಹೆಸರನ್ನೇ ಕರೆದು, ತಾವೇ “ಪ್ರೆಸೆಂಟ್ ಸಾರ್” ಎಂದರು. ಅಂದಿನಿಂದ ಧೈರ್ಯದ ಮಾತು ನಿಂತಿದೆ, ಎಲ್‌ಕೆಜಿ ಮಾತು ನಿಂತಿಲ್ಲ.

ವರ್ಷ ವರ್ಷ ನೋಡಿ ನೋಡಿ ಆ ಗೊಂಬೆಗಳು ನನಗೆ ನೆಂಟರಿದ್ದಂತೆ ಆಗಿಬಿಟ್ಟಿವೆ. ಹೋದ ಕೂಡಲೇ ಯಾರು ಹೇಗಿದ್ದಾರೆ ಎಂದು ನೋಡುತ್ತೇನೆ. ರಾಜನಿಗೆ ಮೂರು ವರ್ಷದ ಹಿಂದೆ ಎಡಗಡೆ ಮೀಸೆ ಉದುರಿದ್ದು ಇನ್ನೂ ಬಂದಿಲ್ಲ. ಅರ್ಧ ಮೀಸೆಯಲ್ಲೇ ರಾಜ್ಯ ನಡೆಯುತ್ತಿದೆ. ಜಿಂಕೆಯ ಒಂದು ಕಣ್ಣಿನ ಬಲ್ಬು ಸುಟ್ಟಿದೆ. ಮಾಟಗಾತಿಯ ಮೋಟಾರಿಗೆ ವಯಸ್ಸಾಗಿ, ಶಾಪ ಕೊಡಲೆಂದು ಎತ್ತಿದ ಕೈ ಅರ್ಧಕ್ಕೇ ನಿಂತು ನಡುಗಿ ಕೆಳಗಿಳಿಯುತ್ತದೆ. ನೋಡಿದರೆ ಶಾಪಕ್ಕಿಂತ ಹೆಚ್ಚಾಗಿ ಭುಜಕ್ಕೆ ಎಣ್ಣೆ ತಿಕ್ಕಿ ಎಂದು ಕೇಳುವಂತಿರುತ್ತದೆ. ದೋಣಿ ಹತ್ತಿಸುವವನು ಲಕ್ಕೂರಿನವನು, ನಲವತ್ತರ ಆಸುಪಾಸು, ಕೊರಳಲ್ಲಿ ಸೀಟಿ. “ಬಂದ್ರಾ ಮೇಡಂ, ನಿಮ್ಮ ರಾಜಂಗೆ ಇನ್ನೂ ಮೀಸೆ ಬಂದಿಲ್ಲ” ಎಂದು ಅವನೇ ವರದಿ ಕೊಡುತ್ತಾನೆ.

ಇದೊಂದೇ ದೋಣಿ ಎಂದುಕೊಳ್ಳಬೇಡಿ. ಕತ್ತಲಲ್ಲಿ ಕೂರಿಸಿ ಕತೆ ತೋರಿಸುವ ಯಾವುದನ್ನೂ ನಾನು ಬಿಟ್ಟವಳಲ್ಲ. ಬೆಂಗಳೂರಿನ ಒಂದು ಮಾಲಿನಲ್ಲಿ ಪುಟ್ಟ ರೈಲಿದೆ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಮಡಚಿಕೊಂಡು ಅದರಲ್ಲೂ ಕೂತಿದ್ದೇನೆ. ಅಲ್ಲಿನ ಕರಡಿ ಕುಟುಂಬದ ಕತೆ ಚೆನ್ನಾಗಿದೆ, ಏಳುವಾಗ ಮಾತ್ರ ಇಬ್ಬರು ಹಿಡಿದೆತ್ತಬೇಕು. ಕೋಲಾರದ ಎಕ್ಸಿಬಿಷನ್ನಿನಲ್ಲಿ ದೆವ್ವದ ಮನೆ ಹಾಕಿದ್ದಾಗ ಅದಕ್ಕೂ ಹೋಗಿದ್ದೆ. ಒಳಗೆ ದೆವ್ವ ಮುಖವಾಡವನ್ನು ತಲೆಯ ಮೇಲಕ್ಕೆ ಸರಿಸಿಕೊಂಡು ಬೀಡಿ ಸೇದುತ್ತಿತ್ತು. ನನ್ನನ್ನು ಕಂಡು, “ಒಂದ್ನಿಮಿಷ ತಡೀರಕ್ಕ” ಎಂದು ಬೀಡಿ ಆರಿಸಿ, ಮುಖವಾಡ ಇಳಿಸಿ, ಆಮೇಲೆ ಕೂಗಿತು. ಹೆದರದೆ ಹೋದರೆ ಅದಕ್ಕೆ ಬೇಜಾರಾದೀತೆಂದು ನಾನೂ ಸ್ವಲ್ಪ ಕೂಗಿದೆ.

ಈ ಹುಚ್ಚು ಎಲ್ಲಿಂದ ಬಂತೆಂದು ಕೇಳಿದರೆ ನಾನು ತೋರಿಸುವುದು ಒಬ್ಬರನ್ನೇ. ಅವರು ನಮ್ಮ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ, ವೆಂಕಟಮ್ಮ. ಈಗ ಎಪ್ಪತ್ತಾರು. ನಾನು ಹುಟ್ಟಿ ಬೆಳೆದದ್ದು ಹುತ್ತೂರಿನ ಹತ್ತಿರದ ಹಳ್ಳಿಯಲ್ಲಿ. ಮನೆಗೆ ಎರಡು ಎಕರೆ ಹಿಪ್ಪುನೇರಳೆ ತೋಟ, ಹಿತ್ತಲಲ್ಲಿ ರೇಷ್ಮೆ ಹುಳುವಿನ ಮನೆ. ರೇಷ್ಮೆ ಹುಳುವಿನ ಮನೆ ನೋಡಿರದವರಿಗೆ ಹೇಳುತ್ತೇನೆ. ಕಿಟಕಿಗಳಿಗೆಲ್ಲ ಒದ್ದೆ ಗೋಣಿತಾಟು ಕಟ್ಟಿ ಒಳಗೆ ತಂಪು, ಕತ್ತಲು. ಸಾಲಾಗಿ ಏಳು ಸ್ಟ್ಯಾಂಡುಗಳು, ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಬಿದಿರಿನ ತಟ್ಟೆಗಳು, ತಟ್ಟೆಯ ತುಂಬ ಹುಳು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತಟ್ಟೆ ಇರುತ್ತದೆ. ಚಪ್ಪಲಿ ಹೊರಗೆ ಬಿಟ್ಟು, ಅದರಲ್ಲಿ ಕಾಲು ಅದ್ದದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಹುಳುವಿಗೆ ಬೇಗ ಕಾಯಿಲೆ ಅಂಟುತ್ತದೆ. ಪೌಡರು, ಸೆಂಟು, ಹೊಗೆಸೊಪ್ಪಿನ ವಾಸನೆ ಬಂದರೂ ಅದು ಮೇವು ಬಿಡುತ್ತದೆ. ಕಲೆಕ್ಟರೇ ಬಂದರೂ ದೊಡ್ಡಮ್ಮ ಬಾಗಿಲಲ್ಲಿ ನಿಂತು ಅವರ ಪಾದ ನೋಡುತ್ತಿದ್ದರು.

ಸಂಜೆಯ ಸೊಪ್ಪು ಹಾಕುವುದು ಮಕ್ಕಳಾದ ನಮ್ಮ ಪಾಲಿನ ಕೆಲಸ. ನಾನು, ನನ್ನ ತಮ್ಮ, ದೊಡ್ಡಮ್ಮನ ಮಗ, ಮೂವರೂ ಸೊಪ್ಪಿನ ಬುಟ್ಟಿ ಹೊತ್ತು ದೊಡ್ಡಮ್ಮನ ಹಿಂದೆ. ಅವರು ಮೊದಲ ಸ್ಟ್ಯಾಂಡಿನಲ್ಲಿ ಸೊಪ್ಪು ಉದುರಿಸುತ್ತಾ ಕತೆ ಶುರು ಮಾಡುತ್ತಿದ್ದರು. ಆ ಸ್ಟ್ಯಾಂಡು ಮುಗಿಯಿತೋ ಕತೆಯೂ ಅಲ್ಲಿಗೆ ತಟಕ್ಕನೆ ನಿಲ್ಲುತ್ತಿತ್ತು. ಎರಡನೆಯದಕ್ಕೆ ಬುಟ್ಟಿ ಸರಿಸಿದರೆ ಮುಂದಿನ ಭಾಗ. ಕತೆ ಬೇಕಾದರೆ ಬುಟ್ಟಿ ಹೊರಬೇಕು, ಬುಟ್ಟಿ ಹೊತ್ತರೆ ಕೆಲಸವಾಗುತ್ತದೆ. ಕೂಲಿಯಿಲ್ಲದೆ ಮೂರು ಮಕ್ಕಳನ್ನು ದುಡಿಸಿಕೊಳ್ಳುವ ಈ ಉಪಾಯ ನನಗೆ ಅರ್ಥವಾಗುವ ಹೊತ್ತಿಗೆ ನಾನೇ ಟೀಚರ್ ಆಗಿದ್ದೆ. ಆದರೂ ನನ್ನ ಮಟ್ಟಿಗೆ ಜಗತ್ತಿನ ಮೊದಲ ಕತೆಯ ಸವಾರಿ ಅದೇ. ಪಾರ್ಕಿನಲ್ಲಿ ದೋಣಿ ಹೋಗುತ್ತದೆ, ಅಲ್ಲಿ ನಾವು ಹೋಗುತ್ತಿದ್ದೆವು, ಅಷ್ಟೇ ವ್ಯತ್ಯಾಸ.

ದೊಡ್ಡಮ್ಮನ ಕತೆಗಳಲ್ಲೆಲ್ಲ ದೊಡ್ಡದು ಕೆಂಡ ತರಲು ಹೋದ ಸೊಸೆಯ ಕತೆ. ಬೆಂಕಿಪೊಟ್ಟಣ ಇಲ್ಲದ ಕಾಲ. ಒಂದು ಮನೆಯಲ್ಲಿ ಒಲೆ ಆರಿಹೋಯಿತು. ಅತ್ತೆ ಕಿರಿಸೊಸೆಯ ಕೈಗೆ ಒಡೆದ ಮಡಕೆಯ ಬೋಕಿ ಕೊಟ್ಟು, ಪಕ್ಕದ ಮನೆಯಿಂದ ಕೆಂಡ ತಾ ಎಂದಳು. ಪಕ್ಕದ ಮನೆಯ ಒಲೆಯೂ ಆರಿತ್ತು. ಮುಂದಿನ ಮನೆ, ಮುಂದಿನ ಬೀದಿ, ಮುಂದಿನ ಊರು, ಎಲ್ಲೂ ಕೆಂಡವಿಲ್ಲ. ಸೊಸೆ ಬೋಕಿ ಹಿಡಿದು ನಡೆದಳು, ನಡೆದಳು. ದಾರಿಯಲ್ಲಿ ಹುಲಿ ಸಿಕ್ಕಿತು, ಮಾತಾಡುವ ಬಾವಿ ಸಿಕ್ಕಿತು, ಬೆಟ್ಟದಷ್ಟು ರಾಗಿ ಕೇರುತ್ತಿದ್ದ ಮುದುಕಿ ಸಿಕ್ಕಿದಳು. ನಮ್ಮ ಕಡೆ ಮನೆಮನೆಯಲ್ಲೂ ಎರಡು ಭಾಷೆ ಇರುವುದರಿಂದ ಕತೆಯಲ್ಲೂ ಎರಡು ಇದ್ದವು. ಸೊಸೆ ಕನ್ನಡದಲ್ಲಿ ಮಾತಾಡುತ್ತಿದ್ದಳು, ಹುಲಿ ತೆಲುಗಿನಲ್ಲಿ. “ಯಾಡಿಕಿ ಪೋತಾವಮ್ಮೇ?” ಎಂದು ಹುಲಿ ಕೇಳಿದರೆ, “ಕೆಂಡ ತರೋಕೆ ಹೋಗ್ತೀನಣ್ಣ” ಎಂದು ಸೊಸೆ ಹೇಳುತ್ತಿದ್ದಳು. ಬಹಳ ಕಾಲ ನಾನು ಹುಲಿಗಳೆಲ್ಲ ಗಡಿಯಾಚೆಯಿಂದ ಬರುತ್ತವೆ ಎಂದೇ ತಿಳಿದಿದ್ದೆ.

ಕೊನೆಗೆ ಸೊಸೆ ಏಳು ಬಾಗಿಲ ಕೋಟೆಯ ಮುಂದೆ ನಿಲ್ಲುತ್ತಾಳೆ. ಏಳನೇ ಬಾಗಿಲ ಆಚೆ ಲೋಕದ ಬೆಂಕಿಯೆಲ್ಲ ಇದೆ. ಹುಳು ನಾಲ್ಕನೇ ಜ್ವರ ಮುಗಿಸಿ ಮೈ ಬಿಟ್ಟ ಮೇಲೆ ದೊಡ್ಡಮ್ಮ ದಿನಕ್ಕೊಂದು ಬಾಗಿಲು ತೆರೆಸುತ್ತಿದ್ದರು. ಜ್ವರ ಎಂದರೆ ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದು. ನಾಲ್ಕನೆಯದು ಮುಗಿದರೆ ಆಮೇಲೆ ವಾರವಿಡೀ ತಿಂದು ಹುಳು ಹಣ್ಣಾಗುತ್ತದೆ, ಗೂಡು ಕಟ್ಟಲು ತಯಾರಾಗುತ್ತದೆ. ಆರನೇ ದಿನ ಆರನೇ ಬಾಗಿಲು ತೆರೆಯುತ್ತಿತ್ತು. ಏಳನೇ ದಿನ ಹುಳು ಹಣ್ಣಾಗುತ್ತಿತ್ತು. ಹಣ್ಣಾಯಿತೆಂದರೆ ಮುಗಿಯಿತು, ಮನೆಮಂದಿಯೆಲ್ಲ ಹುಳು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು, ಅನ್ನ ತಿನ್ನಲೂ ಪುರಸೊತ್ತಿಲ್ಲ. “ದೊಡ್ಡಮ್ಮ, ಏಳನೇ ಬಾಗಿಲು?” ಎಂದರೆ, “ಹುಳ ಹಣ್ಣಾಗೈತೆ, ಕಣ್ಣು ಕಾಣಲ್ವಾ, ಆಮೇಲೆ” ಎನ್ನುತ್ತಿದ್ದರು. ಮುಂದಿನ ಹುಳುವಿನ ಬೆಳೆಗೆ ಹಠ ಹಿಡಿದು ಅದೇ ಕತೆ ಹೇಳಿಸಿದರೂ ಅದೇ ಗತಿ. ಆ ಹುಳುಗಳಿಗೆ ನನ್ನ ಮೇಲೆ ಏನೋ ಹಗೆಯಿದೆ ಅನ್ನಿಸುತ್ತಿತ್ತು.

ಹೀಗೆ ನಲವತ್ತು ವರ್ಷದಿಂದ ನನಗೆ ಆ ಕತೆಯ ಕೊನೆ ಗೊತ್ತಿಲ್ಲ. ನೀವು ನಗಬಹುದು. ಬಾಕಿ ಲೆಕ್ಕ ಉಳಿದರೆ ನಿದ್ದೆ ಬಾರದ ಜಾತಿ ನನ್ನದು. ಸೊಸೆ ಕೆಂಡ ತಂದಳೋ ಇಲ್ಲವೋ? ಮದುವೆಯಾಗಿ ಮುಳಬಾಗಿಲಿಗೆ ಬಂದ ಮೇಲೂ ಹೋದಾಗಲೆಲ್ಲ ಕೇಳಿದ್ದೇನೆ. “ಹುಳದ ಮನೆಯಿಂದಾಚೆ ನಂಗೆ ಕತೆ ಬರಲ್ಲ ಕಣೇ ರತ್ನಿ” ಎಂಬುದು ಅವರ ಉತ್ತರ. ಹಾಗಾದರೆ ಹುಳುವಿನ ಮನೆಯಲ್ಲೇ ಹೇಳು ಎಂದರೆ, ಕತ್ತು ತಿರುಗಿಸಿ ಬಾಗಿಲ ಕಡೆ ಒಮ್ಮೆ ನೋಡಿ, “ಪೋನೀಲೇ, ಹೋಗ್ಲಿ ಬಿಡು, ಈಗ್ಯಾಕೆ” ಎಂದು ಮಾತು ಹಾರಿಸುತ್ತಿದ್ದರು. ಕಳೆದ ವರ್ಷ ಅವರು ಜಾರಿ ಬಿದ್ದು ಹದಿನೈದು ದಿನ ಹಾಸಿಗೆ ಹಿಡಿದರು. ನೋಡಲು ಹೋದಾಗ ನನಗೆ ಸಂಕಟವಾಯಿತು. ದೊಡ್ಡಮ್ಮನಿಗೆ ಏನಾದರೂ ಆದರೆ ಎಂಬ ಸಂಕಟ ಮುಕ್ಕಾಲು ಪಾಲು, ಏಳನೇ ಬಾಗಿಲು ಮುಚ್ಚಿಯೇ ಉಳಿದರೆ ಎಂಬುದು ಕಾಲು ಪಾಲು. ಹೀಗೆ ಪಾಲು ಹಾಕಿದ್ದಕ್ಕೆ ನನಗೇ ನಾಚಿಕೆಯಾಯಿತು.

ಆಗಲೇ ನನಗೊಂದು ಉಪಾಯ ಹೊಳೆದದ್ದು. ದೊಡ್ಡಮ್ಮನಿಗೆ ಕತೆ ಬರಲು ಬೇಕಾದದ್ದು ಏನು? ತಂಪು, ಕತ್ತಲು, ಒಂದಾದ ಮೇಲೊಂದು ಮುಂದೆ ಸರಿಯುವ ಸಾಲು. ಅದೆಲ್ಲವೂ ಕತೆಯ ದೋಣಿಯಲ್ಲಿದೆ. ಡಿಸೆಂಬರಿನಲ್ಲಿ ಬಸ್ಸಿನಲ್ಲಿ ಒಂದು ಸೀಟು ಖಾಲಿ ಉಳಿಯಿತು. ಅದೇ ಹೊತ್ತಿಗೆ ಊರಿನಲ್ಲಿ ಒಂದು ಬೆಳೆ ಮುಗಿದು, ಹುಳುವಿನ ಮನೆಗೆ ಔಷಧಿ ಹೊಡೆದು ವಾರದ ಮಟ್ಟಿಗೆ ಬಾಗಿಲು ಹಾಕಿದ್ದರು. ಕೆಲಸವಿಲ್ಲದೆ ದೊಡ್ಡಮ್ಮ ಎಲ್ಲರ ಮೇಲೂ ಸಿಡುಕುತ್ತಿದ್ದರಂತೆ. ಅವರ ಸೊಸೆ ಮಂಜುಳ ಫೋನಿನಲ್ಲಿ, “ಅಕ್ಕ, ನಾಲ್ಕು ದಿನ ಕರ್ಕೊಂಡ್ಹೋಗಿ, ಪುಣ್ಯ ಬರ್ತದೆ” ಎಂದಳು. ನಾನೇ ಹೋಗಿ ಕರೆತಂದೆ. ಬರುವಾಗ ತೋಟಕ್ಕೆ ಹೋಗಿ ಯಾರಿಗೂ ಕಾಣದಂತೆ ಒಂದು ಚೀಲ ಹಿಪ್ಪುನೇರಳೆ ಸೊಪ್ಪನ್ನೂ ಕೊಯ್ದುಕೊಂಡೆ. ಕೈಯಲ್ಲಿ ಸೊಪ್ಪಿದ್ದರೆ ಬಾಯಲ್ಲಿ ಕತೆ ಬಂದೀತೆಂಬ ಆಸೆ.

ಸೊಪ್ಪು ಪಾರ್ಕಿನ ಗೇಟು ದಾಟಲಿಲ್ಲ. ಚೀಲ ತಪಾಸಣೆ ಮಾಡುವವನು ಅದರೊಳಗೆ ಕೈ ಹಾಕಿ, “ಏನ್ ಮೇಡಂ ಇದು?” ಎಂದ.

“ಹಿಪ್ಪುನೇರಳೆ ಸೊಪ್ಪು.”

“ಹೊರಗಡೆ ತಿಂಡಿ ಒಳಗೆ ಬಿಡಲ್ಲ ಮೇಡಂ.”

“ಇದು ನಾವು ತಿನ್ನೋದಲ್ಲ.”

“ಮತ್ತೆ ಯಾರು ತಿಂತಾರೆ?”

“ಹುಳ.”

ಅವನು ನನ್ನ ಉಳಿದ ಬ್ಯಾಗುಗಳ ಕಡೆ ಅನುಮಾನದಿಂದ ನೋಡಿ, “ಹುಳ ಎಲ್ಲಿದೆ?” ಎಂದ. ಹುಳು ಇಲ್ಲವೆಂದು ಅವನಿಗೆ ನಂಬಿಕೆ ಬರಿಸಲು ಎರಡು ಬ್ಯಾಗು, ಒಂದು ಟಿಫಿನ್ ಡಬ್ಬಿ ಬಿಚ್ಚಿ ತೋರಿಸಬೇಕಾಯಿತು. ನಾರಾಯಣಸ್ವಾಮಿ ಮೇಷ್ಟ್ರು ಮಕ್ಕಳ ಸಾಲಿನ ಮಧ್ಯೆ ನಿಂತು ಇದನ್ನೆಲ್ಲ ಮನಸಾರೆ ನೋಡಿದರು. ಸೊಪ್ಪು ಗೇಟಿನಲ್ಲೇ ಉಳಿಯಿತು.

ಕತೆಯ ದೋಣಿಯ ಬಾಗಿಲಿಗೆ ಬಂದಾಗ ಮಧ್ಯಾಹ್ನ ಮೂರಾಗಿತ್ತು. ನಮ್ಮ ಎಂಟನೇ ತರಗತಿಯ ಹುಡುಗಿಯರೂ ಬೇರೆ ಜನರೂ ಸೇರಿ ನಲವತ್ತು ಜನರ ಸಾಲು. ಬಾಗಿಲ ಒಳಗೆ ಕಾಲಿಡುವ ಜಾಗದಲ್ಲಿ, ಮೇಲಿನ ಏಸಿಯಿಂದ ತೊಟ್ಟಿಕ್ಕುವ ನೀರಿಗೆಂದು ಅಗಲವಾದ ಪ್ಲಾಸ್ಟಿಕ್ ಟ್ರೇ ಇಟ್ಟಿದ್ದರು. ದೊಡ್ಡಮ್ಮ ಬಾಗಿಲಿನ ಕತ್ತಲನ್ನು ನೋಡಿದರು, ಮುಖಕ್ಕೆ ಬಡಿದ ತಂಪು ಗಾಳಿಯನ್ನು ಮೂಸಿದರು, ಟ್ರೇ ನೋಡಿದರು. ಅವರಿಗೆ ಎಲ್ಲ ಅರ್ಥವಾಗಿಹೋಯಿತು. “ಒಳಗೆ ಏನೋ ಸಾಕವ್ರೆ ಕಣೇ” ಎಂದು ಹೇಳಿ, ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು, ಎರಡೂ ಕಾಲನ್ನು ಟ್ರೇಯಲ್ಲಿ ಅದ್ದಿ ತೆಗೆದರು. ಅಲ್ಲಿಗೇ ಬಿಡಲಿಲ್ಲ. ಅಭ್ಯಾಸಬಲ ನೋಡಿ, ಬಾಗಿಲ ಪಕ್ಕಕ್ಕೆ ಸರಿದು ನಿಂತು, ಸಾಲಿನಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ಕರೆದರು. “ಬಾಮ್ಮ, ಚಪ್ಪಲಿ ಬಿಡು. ಕಾಲು ಅದ್ದು. ಹಿಮ್ಮಡಿ ಮುಳುಗ್ಬೇಕು. ಹೂಂ, ಹೋಗು. ಏನ್ಲಾ, ಬೂಟಲ್ಲೇ ಹೋಗ್ತಿದೀಯಲ್ಲ, ಬಿಚ್ಚು.”

ಆಶ್ಚರ್ಯವೆಂದರೆ ಒಬ್ಬರೂ ಯಾಕೆ ಎಂದು ಕೇಳಲಿಲ್ಲ. ಅಷ್ಟು ಅಧಿಕಾರದಿಂದ ಹೇಳಿದರೆ ಅದು ಪಾರ್ಕಿನ ನಿಯಮವೇ ಇರಬೇಕು ಎಂದು ನಂಬಿ, ಬೆಂಗಳೂರಿನ ಜೀನ್ಸು ಪ್ಯಾಂಟಿನವರೂ ಪ್ಯಾಂಟು ಮಡಚಿ ಏಸಿ ನೀರಿನಲ್ಲಿ ಕಾಲು ಅದ್ದಿದರು. ಘಮಘಮ ಎನ್ನುತ್ತಿದ್ದ ಒಬ್ಬಾಕೆಯನ್ನು ದೊಡ್ಡಮ್ಮ ತಡೆದು, “ಸೆಂಟು ಹಾಕ್ಕೊಂಡು ಒಳಗೆ ಹೋದ್ರೆ ಮೇವು ಬಿಡ್ತವೆ, ಸ್ವಲ್ಪ ಗಾಳಿಗೆ ನಿಂತ್ಕೊಂಡು ಬಾಮ್ಮ” ಎಂದರು. ಆಕೆ ಪಾಪ, ಹೋಗಿ ಗಾಳಿಗೆ ನಿಂತಳು. ಲಕ್ಕೂರಿನವನು ಓಡಿ ಬಂದು, “ಅಜ್ಜಿ, ಅದು ಏಸಿ ನೀರು” ಎಂದ. “ಯಾವುದಾದ್ರೇನಪ್ಪ, ಸ್ವಲ್ಪ ಬ್ಲೀಚಿಂಗ್ ಜಾಸ್ತಿ ಹಾಕು, ವಾಸನೇನೇ ಇಲ್ಲ” ಎಂದು ದೊಡ್ಡಮ್ಮ ಅವನಿಗೇ ಬುದ್ಧಿ ಹೇಳಿದರು. ಅವನು ನನ್ನ ಕಡೆ ತಿರುಗಿ, “ಮೇಡಂ, ನಿಮ್ಮೋರಾ?” ಎಂದು ಕೇಳಿದ. ಒಪ್ಪಿಕೊಳ್ಳಬೇಕಾಯಿತು. ನಾಲ್ಕು ದೋಣಿಗಳಷ್ಟು ಜನ ಬರಿಗಾಲಲ್ಲಿ ಒಳಗೆ ಹೋದ ಮೇಲೆ, ಕೊನೆಯ ದೋಣಿಗೆ ದೊಡ್ಡಮ್ಮ, ನಾನು, ನಮ್ಮ ಶಾಲೆಯ ಆರು ಹುಡುಗಿಯರು ಹತ್ತಿದೆವು.

ದೋಣಿ ಕತ್ತಲೊಳಗೆ ಜಾರಿತು. ನಾನು ದೊಡ್ಡಮ್ಮನ ಮುಖವನ್ನೇ ನೋಡುತ್ತಿದ್ದೆ, ಗೊಂಬೆಗಳನ್ನು ನೋಡಲಿಲ್ಲ. ಅವರಿಗೆ ಈ ದೋಣಿ ಹಿಡಿಸದಿದ್ದರೆ ನಾನು ಇಷ್ಟು ವರ್ಷ ಹಿಡಿದುಕೊಂಡು ಬಂದದ್ದೆಲ್ಲ ಸುಳ್ಳಾಗುತ್ತದೆ ಎಂಬ ದಿಗಿಲು.

“ರಾಜಂಗೆ ಒಂದ್ಕಡೆ ಮೀಸೇನೇ ಇಲ್ವಲ್ಲೇ” ಎಂದರು ದೊಡ್ಡಮ್ಮ.

“ಬಿದ್ದೋಗಿದೆ ದೊಡ್ಡಮ್ಮ.”

ಕಾಡು ಬಂತು. “ಜಿಂಕೆ ಒಕ್ಕಣ್ಣಿಂದು. ಅದ್ಯಾಕೆ ಇಷ್ಟು ಬಿರ್ರನೆ ಓಡ್ತದೆ ಈ ದೋಣಿ? ಹುಲಿ ಬಾಯಿ ತೆಗೀತು, ಏನಂತು ಅಂತ ಕೇಳಿಸ್ಕೊಳೋಕೂ ಬಿಡಲಿಲ್ಲ. ಕತೆ ಹೇಳೋ ರೀತೀನಾ ಇದು?” ಎಂದರು. ಅವರ ಹಿಂದೆ ಕೂತಿದ್ದ ಹುಡುಗಿಯರು ಕಿಸಕ್ಕೆಂದರು. ನನಗೆ ಅಳು ಬರುವಷ್ಟು ನಿರಾಶೆಯಾಯಿತು. ಆರು ನಿಮಿಷದಲ್ಲಿ ಮೂರು ಆಗಲೇ ಮುಗಿದಿದ್ದವು.

ಆಗ ದೋಣಿ ಮುಂದಿನ ದೋಣಿಗೆ ಮೆಲ್ಲಗೆ ಢಿಕ್ಕಿ ಹೊಡೆದು ನಿಂತಿತು. ಏನಾಯಿತೆಂದು ದೂರದಿಂದ ಬಂದ ಕೂಗಾಟದಿಂದ ಗೊತ್ತಾಯಿತು. ಹತ್ತುವ ಬಾಗಿಲು ಒಂದು ಕಡೆ, ಇಳಿಯುವ ಬಾಗಿಲು ಇನ್ನೊಂದು ಕಡೆ. ಚಪ್ಪಲಿಗಳೆಲ್ಲ ಆ ಕಡೆ ಉಳಿದಿವೆ, ಈ ಕಡೆ ಬಿಸಿಲಿಗೆ ಕಾದ ಕಲ್ಲಿನ ನೆಲ. ಮೊದಲ ದೋಣಿಯವರು ಚಪ್ಪಲಿ ತಂದುಕೊಡುವ ತನಕ ಇಳಿಯುವುದಿಲ್ಲ ಎಂದು ಕೂತುಬಿಟ್ಟಿದ್ದರು. “ನೀವೇ ಬಿಡ್ಸಿದ್ದು, ನೀವೇ ತನ್ನಿ” ಎಂದು ಯಾರೋ ಲಕ್ಕೂರಿನವನ ಮೇಲೆ ರೇಗುತ್ತಿದ್ದರು. ಅವನು ನಲವತ್ತು ಜೊತೆ ಚಪ್ಪಲಿ ಹೊತ್ತು ತರುವವರೆಗೆ ಐದೂ ದೋಣಿಗಳು ಕತ್ತಲಲ್ಲಿ ನಿಂತಲ್ಲೇ.

ನಾವು ನಿಂತದ್ದು ಮಾಟಗಾತಿಯ ಗುಡಿಸಲಿನ ಮುಂದೆ. ಅವಳು ಕೈಯೆತ್ತುತ್ತಿದ್ದಳು, ಅರ್ಧಕ್ಕೆ ನಡುಗುತ್ತಿದ್ದಳು, ಇಳಿಸುತ್ತಿದ್ದಳು. ಅವಳ ಮುಂದೆ ಮೂರು ಕಲ್ಲಿನ ಒಲೆ, ಒಲೆಯಲ್ಲಿ ಕೆಂಪು ಬಲ್ಬು, ಫ್ಯಾನಿನ ಗಾಳಿಗೆ ಎದ್ದಾಡುವ ಕೆಂಪು ಬಟ್ಟೆ. ದೊಡ್ಡಮ್ಮ ಬಗ್ಗಿ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಹುಡುಗಿಯರ ಕಡೆ ತಿರುಗಿ, “ಒಂದೂರಲ್ಲಿ ಒಂದ್ ಮನೇಲಿ ಒಲೆ ಆರೋಯ್ತಂತೆ” ಎಂದರು.

ಅವರ ಬಲಗೈ ತಾನಾಗಿಯೇ ಮಡಿಲಿನಿಂದ ಎದ್ದು, ಇಲ್ಲದ ಸೊಪ್ಪನ್ನು ನೀರಿನ ಮೇಲೆ ಉದುರಿಸತೊಡಗಿತು. ಪಕ್ಕದ ಮನೆ ಬಂತು, ಮುಂದಿನ ಊರು ಬಂತು. ಹುಲಿ ತೆಲುಗಿನಲ್ಲಿ ಕೇಳಿತು. ಮುಂದಿನ ದೋಣಿಯಲ್ಲಿದ್ದವರೂ ಇತ್ತ ತಿರುಗಿ ಕೂತರು. ಸೆಂಟಿನಾಕೆ, “ಆಮೇಲೆ ಅಜ್ಜಿ?” ಎಂದಳು. ನಲವತ್ತು ವರ್ಷದ ಹಿಂದಿನ ದನಿಯೇ ಅದು, ಒಂದು ಎಳೆಯೂ ಸವೆದಿರಲಿಲ್ಲ. ಕೋಟೆಯ ಒಂದು ಬಾಗಿಲು ತೆರೆಯಿತು, ಎರಡು, ಮೂರು. ಐದಾಯಿತು. ಆರಾಯಿತು. ದೊಡ್ಡಮ್ಮನ ಕೈ ಗಾಳಿಯಲ್ಲೇ ನಿಂತಿತು.

“ಏಳನೇ ಬಾಗಿಲು ದೊಡ್ಡಮ್ಮ” ಎಂದೆ ನಾನು. “ಇಲ್ಲಿ ಹುಳ ಇಲ್ಲ. ಯಾವುದೂ ಹಣ್ಣಾಗಲ್ಲ. ಹೇಳು.”

ಅವರು ಅಭ್ಯಾಸದಂತೆ ಕತ್ತು ತಿರುಗಿಸಿ ಹಿಂದೆ ನೋಡಿದರು. ಅಲ್ಲಿ ಬರೀ ಕತ್ತಲಿತ್ತು.

“ಬಾಗಿಲು ತೆಗೆದ್ಲು. ಬೋಕಿ ತುಂಬ ಕೆಂಡ ತುಂಬ್ಕೊಂಡ್ಲು” ಎಂದರು.

“ತುಂಬ್ಕೊಂಡು?”

“ಅಲ್ಲೇ ಕೂತು ಚಳಿ ಕಾಯಿಸ್ಕೊಂಡ್ಲು. ವಾಪಸ್ ಬರ್ಲಿಲ್ಲ.”

“ಬರ್ಲೇ ಇಲ್ವಾ? ಯಾಕೆ?”

“ಬಂದ್ರೆ ಒಲೆ ಹಚ್ಬೇಕಲ್ಲೇ” ಎಂದರು ದೊಡ್ಡಮ್ಮ. “ಹಚ್ಚಿ ಅಷ್ಟು ಜನಕ್ಕೆ ಮುದ್ದೆ ತಿರುವ್ಬೇಕು. ಹದಿನಾರಕ್ಕೆ ಬಂದೆ ನಾನು ಆ ಮನೆಗೆ. ಕತೇಲಾದ್ರೂ ಒಬ್ಳು ಆಚೆ ಇರ್ಲಿ ಅಂತ ಬಿಟ್ಬಿಟ್ಟೆ.”

ಮಾಟಗಾತಿ ಎರಡು ಸಲ ಕೈಯೆತ್ತಿ ಇಳಿಸಿದಳು. ಆಮೇಲೆ ಗಣಿತದ ಟೀಚರಿನ ಬುದ್ಧಿ ಎಲ್ಲಿ ಹೋಗುತ್ತದೆ, ಕೇಳಿಯೇಬಿಟ್ಟೆ. “ಇಷ್ಟು ಹೇಳೋಕೆ ನಲವತ್ತು ವರ್ಷ ಬೇಕಾಯ್ತಾ?”

“ಹೆಂಗೇ ಹೇಳ್ಲಿ? ನಮ್ಮತ್ತೆ, ಅದೇ ನಿಮ್ಮಜ್ಜಿ, ಬಾಗಿಲಾಚೆ ಸೊಪ್ಪು ಕತ್ತರಿಸ್ಕೊಂಡು ಕೂತ್ಕೊಂಡು ಕತೆ ಕೇಳ್ತಿದ್ರು. ಸೊಸೆ ವಾಪಸ್ ಬರ್ಲಿಲ್ಲ ಅಂದಿದ್ರೆ ಅವತ್ತು ನಂಗೆ ಮನೆ ಒಳಗೆ ಬಿಡ್ತಿದ್ರಾ? ಬಂದ್ಲು ಅಂತ ಸುಳ್ಳು ಹೇಳೋಕೆ ನಂಗೆ ಬಾಯಿ ಬರ್ತಿರ್ಲಿಲ್ಲ. ದೇವ್ರೇ, ಹುಳ ಬೇಗ ಹಣ್ಣಾಗ್ಲಿ ಅಂತ ಕಾಯ್ತಿದ್ದೆ.”

ಹುಡುಗಿಯರು ನಕ್ಕರು. ನನಗೆ ನಗುವೂ ಬಂತು, ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಬುಟ್ಟಿ ಹೊತ್ತು ಅವರ ಹಿಂದೆ ನಡೆದ ನನಗೆ ಆ ಬಾಗಿಲಾಚೆ ಅಜ್ಜಿ ಕೂತಿದ್ದದ್ದು ಒಂದು ದಿನವೂ ಕಂಡಿರಲಿಲ್ಲ. “ಸರಿ, ಅಜ್ಜಿ ಹೋಗಿ ಇಪ್ಪತ್ತು ವರ್ಷವಾಯ್ತಲ್ಲ. ಆಮೇಲಾದ್ರೂ ಹೇಳ್ಬಹುದಿತ್ತು” ಎಂದೆ.

“ಆಮೇಲೆ ನಂಗೇ ಸೊಸೆ ಬಂದ್ಲಲ್ಲೇ” ಎಂದರು ದೊಡ್ಡಮ್ಮ. “ಆ ಜಾಗದಲ್ಲಿ ಈಗ ಮಂಜುಳ ಕೂತ್ಕೊಂಡು ಸೊಪ್ಪು ಕತ್ತರಿಸ್ತಾಳೆ. ಅವಳೇನಾದ್ರೂ ಇದು ಕೇಳಿಸ್ಕೊಂಡು ಬೋಕಿ ಎತ್ಕೊಂಡು ಹೊರಟ್ರೆ ನನ್ ಗತಿ ಏನು?”

ಇಷ್ಟು ಹೇಳಿ ಅವರೇ ಜೋರಾಗಿ ನಕ್ಕರು, ಮುಂದಿನ ದೋಣಿಯವರೂ ನಕ್ಕರು. ಅಷ್ಟರಲ್ಲಿ ಚಪ್ಪಲಿ ಬಂದಿರಬೇಕು, ದೋಣಿಗಳು ಒಂದೊಂದಾಗಿ ಅಲುಗಾಡಿದವು. ಮದುವೆಯ ಗೊಂಬೆಗಳು ಕುಣಿಯುತ್ತಿದ್ದವು, ದೊಡ್ಡಮ್ಮ ಅತ್ತ ತಿರುಗಿಯೂ ನೋಡಲಿಲ್ಲ. ಬಾಗಿಲು ತೆರೆದು ಬಿಸಿಲು ಬಂತು. ಹುಡುಗಿಯರು ಜಿಗಿದು ಇಳಿದರು. ಲಕ್ಕೂರಿನವನು ಚಪ್ಪಲಿಗಳ ರಾಶಿಯ ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಾ, “ಇಳೀರಿ ಅಜ್ಜಿ” ಎಂದು ಕೈ ನೀಡಿದ. ದೂರದಲ್ಲಿ ನಾರಾಯಣಸ್ವಾಮಿ ಮೇಷ್ಟ್ರು ಗಡಿಯಾರ ತೋರಿಸಿ, ಬಸ್ಸು ಹೊರಡುವ ಹೊತ್ತಾಯಿತೆಂದು ಸನ್ನೆ ಮಾಡುತ್ತಿದ್ದರು.

ದೊಡ್ಡಮ್ಮ ಏಳಲಿಲ್ಲ.

“ಇಳಿ ದೊಡ್ಡಮ್ಮ, ಬಸ್ಸಿಗೆ ಹೊತ್ತಾಯ್ತು. ಮನೆಗೆ ಹೋಗಿ ಅಡುಗೆ ಬೇರೆ ಆಗ್ಬೇಕು” ಎಂದೆ.

ಅವರು ಬರಿಗಾಲನ್ನು ದೋಣಿಯೊಳಗೆ ಇನ್ನಷ್ಟು ಚಾಚಿ, ಸೆರಗು ಸರಿಮಾಡಿಕೊಂಡು, ನನ್ನ ಕೈ ಹಿಡಿದು ಕೂರಿಸಿದರು. “ಆಗ್ತದೆ ಬಿಡೇ. ಒಲೆ ಎಲ್ಲಿಗೂ ಓಡೋಗಲ್ಲ. ಇನ್ನೊಂದ್ ಸುತ್ತು ಹೋಗಿ ಬರೋಣ.”

ನಾನು ಮೇಷ್ಟ್ರ ಕಡೆ ಬೆನ್ನು ಮಾಡಿ ಕೂತೆ. ಲಕ್ಕೂರಿನವನು ಒಂದು ಸಲ ನಮ್ಮಿಬ್ಬರನ್ನೂ ನೋಡಿ, ಸೀಟಿ ಊದಿ, ದೋಣಿಯನ್ನು ಕಾಲಿನಿಂದ ಕತ್ತಲೊಳಕ್ಕೆ ನೂಕಿದ.